ಒಂದು ಟನ್ ಕಬ್ಬಿನ ಲೆಕ್ಕ: ಚುನಾವಣೆ, ನೀರು, ಬಿಸಿಲು, ಕೂಲಿ

2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್‌ಗೆ ₹3,500 ಬೇಕೆಂದು ಪಟ್ಟು ಹಿಡಿದು ಕೂತರು. ಮಾತುಕತೆ ಕಟಾವು-ಸಾಗಣೆ ಖರ್ಚು ಬಿಟ್ಟು ₹3,300ಕ್ಕೆ ನಿಂತಿತು, ಅದರಲ್ಲಿ ₹50 ಸರ್ಕಾರದ ಪಾಲು. ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೂ ಸೂತ್ರ ಹಾಕಿ, ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರವಾದ ಎಫ್‌ಆರ್‌ಪಿ ಘೋಷಿಸುತ್ತದೆ. ಹಾಗಿದ್ದ ಮೇಲೆ ದರ ರಸ್ತೆಯ ಮೇಲೆ ಯಾಕೆ ತೀರ್ಮಾನವಾಗಬೇಕು? ಆ ಸೂತ್ರದ ಒಂದೊಂದು ಅಂಕಿಯನ್ನೂ ಏರಿಸಿದರೆ ಒಬ್ಬರಿಗೆ, ಇಳಿಸಿದರೆ ಇನ್ನೊಬ್ಬರಿಗೆ ಲಾಭವಿದೆ. ಯಾರಿಗೆ ಯಾವ ಕೆಲಸಕ್ಕೆ, ಯಾವಾಗ, ಯಾರ ಅಳತೆಯ ಮೇಲೆ ದುಡ್ಡು ಸಿಗುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞರು ಐವತ್ತು ವರ್ಷಗಳಿಂದ ಅಳೆಯುತ್ತಾ ಬಂದಿದ್ದಾರೆ. ಆ ಅಧ್ಯಯನಗಳಲ್ಲಿ ಕೆಲವು ನೇರ ಸಕ್ಕರೆ ಕಾರ್ಖಾನೆಗಳ ಮೇಲೆಯೇ ನಡೆದವು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಬ್ಬಿನ ಸೀಮೆಗೆ ಅವುಗಳಲ್ಲಿ ಕಲಿಯುವುದು ಬಹಳ ಇದೆ.

ಮೊದಲು ಸೂತ್ರ ನೋಡೋಣ. 2025-26ರ ಹಂಗಾಮಿಗೆ ಶೇ 10.25 ರಿಕವರಿ (ಕಬ್ಬಿನ ತೂಕದಲ್ಲಿ ಸಕ್ಕರೆಯಾಗಿ ಸಿಗುವ ಪಾಲು) ಇದ್ದರೆ ಕ್ವಿಂಟಲ್‌ಗೆ ₹355. ಅದರ ಮೇಲೆ ರಿಕವರಿ ಪ್ರತಿ 0.1 ಅಂಶ ಏರಿದಂತೆ ₹3.46 ಕೂಡುತ್ತದೆ. ಇಳಿದರೆ ಅಷ್ಟೇ ಕಳೆಯುತ್ತದೆ, ಆದರೆ ಶೇ 9.5ಕ್ಕಿಂತ ಕೆಳಗೆ ಎಷ್ಟೇ ಹೋದರೂ ₹329.05 ಕೊಡಲೇಬೇಕು. ಕಾರ್ಖಾನೆಯ ರಿಕವರಿ ಶೇ 11.25 ಎಂದಿಟ್ಟುಕೊಳ್ಳಿ. ಹತ್ತು ಮೆಟ್ಟಿಲಿಗೆ ₹34.60 ಸೇರಿ ಕ್ವಿಂಟಲ್‌ಗೆ ₹389.60, ಟನ್‌ಗೆ ₹3,896 ಆಯಿತು. ಇದರಲ್ಲಿ ಕಟಾವು ಮತ್ತು ಸಾಗಣೆ ಖರ್ಚು ಮುರಿಯುತ್ತಾರೆ. ಅದು ₹800 ಆದರೆ ರೈತನ ಖಾತೆಗೆ ₹3,096. ಜಗಳವೆಲ್ಲ ಇರುವುದು ಈ ಎರಡು ಅಂಕಿಗಳ ನಡುವೆ: ರಿಕವರಿ ಎಷ್ಟು ಎಂದು ಯಾರು ಹೇಳಿದರು, ಕಟಾವಿಗೆ ಎಷ್ಟು ಮುರಿದರು, ಟನ್ ಎಂದರೆ ಯಾವ ಕಾಟಾದ (ತೂಕದ ಯಂತ್ರದ) ಟನ್.

ಇದರ ಎದುರಿಗೆ ಇನ್ನೊಂದು ಲೆಕ್ಕ ಇಡಿ. ಸಕ್ಕರೆಯ ಕನಿಷ್ಠ ಮಾರಾಟ ದರ 2019ರ ಫೆಬ್ರುವರಿಯಲ್ಲಿ ಕೆ.ಜಿ.ಗೆ ₹31 ಆಯಿತು. ಗುರ್ಲಾಪುರದ ಹೋರಾಟದ ಹೊತ್ತಿಗೂ ಅದು ಅಷ್ಟೇ ಇತ್ತು. ಶೇ 10.25 ರಿಕವರಿಯಲ್ಲಿ ಒಂದು ಟನ್ ಕಬ್ಬಿಗೆ 102.5 ಕೆ.ಜಿ. ಸಕ್ಕರೆ ಬರುತ್ತದೆ. ₹31ರಂತೆ ಅದರ ಬೆಲೆ ₹3,177, ಕಬ್ಬಿನ ಎಫ್‌ಆರ್‌ಪಿಯೋ ₹3,550. ಪೇಟೆಯ ದರ ₹31ಕ್ಕಿಂತ ಮೇಲಿರುತ್ತದೆ. ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಪಾಕ), ಎಥೆನಾಲ್, ಸಿಪ್ಪೆಯಿಂದ ತೆಗೆಯುವ ವಿದ್ಯುತ್ ಬೇರೆ ಇದೆ. ಆದ್ದರಿಂದ ಕಾರ್ಖಾನೆಗಳು ಮುಳುಗಿಯೇ ಹೋಗುತ್ತವೆ ಎಂಬುದಕ್ಕೆ ಇದು ಪುರಾವೆಯಲ್ಲ. ಇದರಲ್ಲಿ ಕಾಣುವುದು ರಾಜಕೀಯದ ಸೆಳೆತ. ಕಬ್ಬಿನ ದರ ಏರಿಸಿದರೆ ಬೆಳೆಗಾರರು ಖುಷಿ, ಸಕ್ಕರೆಯ ದರ ಏರದಂತೆ ಹಿಡಿದರೆ ಕೊಂಡು ತಿನ್ನುವವರು ಖುಷಿ. ಎರಡನ್ನೂ ಮಾಡುವುದು ಒಂದೇ ಸರ್ಕಾರ. ನಡುವಿನ ಅಂತರ ಕಾರ್ಖಾನೆಯ ತಲೆಗೆ ಬೀಳುತ್ತದೆ, ಕಾರ್ಖಾನೆ ಅದನ್ನು ಬಾಕಿಯ ರೂಪದಲ್ಲಿ ರೈತನ ತಲೆಗೆ ದಾಟಿಸುತ್ತದೆ.

ಚುನಾವಣೆಯ ವರ್ಷದ ಕಬ್ಬು

ಅಧಿಕಾರದಲ್ಲಿ ಇರುವವರು ಚುನಾವಣೆ ಹತ್ತಿರ ಬಂದಾಗ ಖರ್ಚು ಹಿಗ್ಗಿಸಿ, ಕಹಿ ಗುಳಿಗೆಯನ್ನು ಗೆದ್ದ ಮೇಲೆ ನುಂಗಿಸುತ್ತಾರೆ ಎಂಬ ಮಾತಿಗೆ 1975ರಲ್ಲಿ ಗಣಿತದ ರೂಪ ಕೊಟ್ಟವರು ಅಮೆರಿಕದ ವಿಲಿಯಂ ನಾರ್ಡ್‌ಹಾಸ್. ಇದೇ ನಾರ್ಡ್‌ಹಾಸ್‌ಗೆ 2018ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಹವಾಮಾನ ಬದಲಾವಣೆಯನ್ನು ಆರ್ಥಿಕತೆಯ ಲೆಕ್ಕದೊಳಗೆ ತಂದದ್ದಕ್ಕೆ. ಎರಡೂ ಕೆಲಸಗಳ ತಿರುಳು ಒಂದೇ: ಲಾಭ ಇವತ್ತು, ಬೆಲೆ ನಾಳೆ, ಮತ್ತು ಆ ಬೆಲೆ ತೆರುವವರು ಬೇರೆಯವರು.

ಭಾರತದಲ್ಲಿ ಇದನ್ನು ಅಂಕಿ ಹಿಡಿದು ತೋರಿಸಿದವರಿದ್ದಾರೆ. ಶಾನ್ ಕೋಲ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಸರ್ಕಾರಿ ಬ್ಯಾಂಕುಗಳ ಕೃಷಿ ಸಾಲದ ಬೆಳವಣಿಗೆ ಚುನಾವಣಾ ವರ್ಷದಲ್ಲಿ ಶೇಕಡಾ 5ರಿಂದ 10 ಅಂಶ ಹೆಚ್ಚು. ಬೆಳೆಯ ಉತ್ಪಾದನೆ ಮಾತ್ರ ಅದರಿಂದ ಹೆಚ್ಚಿದ್ದು ಕಾಣಲಿಲ್ಲ. ಉಪಚುನಾವಣೆ ನಡೆಯುವ ಕ್ಷೇತ್ರಗಳಲ್ಲಿ ಕರೆಂಟು ಹೆಚ್ಚು ಬರುತ್ತದೆ ಎಂಬುದನ್ನು ಇನ್ನೊಂದು ತಂಡ ರಾತ್ರಿಯ ಉಪಗ್ರಹ ಚಿತ್ರಗಳ ಬೆಳಕನ್ನು ಅಳೆದೇ ಸಾಬೀತು ಮಾಡಿತು.

ನಮ್ಮ ಸೀಮೆಗೆ ಎಲ್ಲಕ್ಕಿಂತ ಹತ್ತಿರದ್ದು ಸಂದೀಪ್ ಸುಖ್‌ಟಣಕರ್ 2012ರಲ್ಲಿ ಪ್ರಕಟಿಸಿದ, ಗಡಿಯಾಚೆಯ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಗಳ ಅಧ್ಯಯನ. ಅಧ್ಯಕ್ಷರೇ ಚುನಾವಣೆಗೆ ನಿಂತಿರುವ ಕಾರ್ಖಾನೆಗಳು ಚುನಾವಣಾ ವರ್ಷದಲ್ಲಿ ಕಬ್ಬಿಗೆ ಕಡಿಮೆ ದರ ಕೊಟ್ಟಿದ್ದವು. ಮತ ಬೇಕಾದ ವರ್ಷದಲ್ಲಿ ದರ ಇಳಿಯುವುದು ಮೇಲ್ನೋಟಕ್ಕೆ ವಿಚಿತ್ರ. ಕಾರ್ಖಾನೆಯ ದುಡ್ಡು ಪ್ರಚಾರದತ್ತ ಹರಿಯುತ್ತದೆ ಎಂದು ಓದಿಕೊಂಡರೆ ಅರ್ಥವಾಗುತ್ತದೆ, ಅಧ್ಯಯನ ಕಂಡುಕೊಂಡ ಅರ್ಥವೂ ಅದೇ. ಅಧ್ಯಕ್ಷರು ಗೆದ್ದು ಅಧಿಕಾರಕ್ಕೆ ಬಂದ ಕಡೆ ಮುಂದಿನ ವರ್ಷಗಳಲ್ಲಿ ರೈತರಿಗೆ ಒಂದಷ್ಟು ಮರಳಿ ಸಿಕ್ಕ ಕುರುಹೂ ಇತ್ತು. ಅಂದರೆ ಬೆಳೆಗಾರ ತನಗೆ ಗೊತ್ತಿಲ್ಲದೆ ಚುನಾವಣೆಗೆ ಬಂಡವಾಳ ಹಾಕಿದ ಹಾಗಾಯಿತು. ಇದಕ್ಕೂ ಹಿಂದೆ 2001ರಲ್ಲಿ ಅಭಿಜಿತ್ ಬ್ಯಾನರ್ಜಿ, ದಿಲೀಪ್ ಮುಖರ್ಜಿ, ಕೈವಾನ್ ಮುನ್ಶಿ, ದೇಬರಾಜ್ ರೇ ಸಹಕಾರಿ ಕಾರ್ಖಾನೆಗಳ ಒಳಗೇ ಇರುವ ಎಳೆದಾಟವನ್ನು ತೋರಿಸಿದ್ದರು: ಆಡಳಿತ ಹಿಡಿದ ದೊಡ್ಡ ಬೆಳೆಗಾರರಿಗೆ ಕಬ್ಬಿನ ದರ ಕೆಳಗಿಟ್ಟು ಉಳಿದ ಹಣವನ್ನು ಬೇರೆ ದಾರಿಯಲ್ಲಿ ಬಳಸಿಕೊಳ್ಳುವ ಆಸೆ ಹುಟ್ಟುತ್ತದೆ, ಅದರ ಹೊರೆ ಸಣ್ಣವರ ಮೇಲೆ ಬೀಳುತ್ತದೆ. ಇವು ಮಹಾರಾಷ್ಟ್ರದ ಅಂಕಿಗಳು. ಹಾಗೆಯೇ ಎತ್ತಿ ನಮ್ಮ ಜಿಲ್ಲೆಗಳಿಗೆ ಅಂಟಿಸಬಾರದು. ಆದರೆ ಕಾರ್ಖಾನೆಯ ಕುರ್ಚಿಯೂ ರಾಜಕೀಯದ ಕುರ್ಚಿಯೂ ಒಂದೇ ಮನೆಯಲ್ಲಿದ್ದಾಗ ಯಾವ ವರ್ಷ ಲೆಕ್ಕಪತ್ರ ಗಟ್ಟಿಯಾಗಿ ಕೇಳಬೇಕು ಎಂಬುದು ಇದರಿಂದ ತಿಳಿಯುತ್ತದೆ.

ನೀರು ಮತ್ತು ಎಥೆನಾಲ್

ಪೆಟ್ರೋಲಿಗೆ ಶೇ 20 ಎಥೆನಾಲ್ ಬೆರೆಸುವ ಗುರಿ ಮೊದಲು 2030ಕ್ಕೆ ಇತ್ತು, ಆಮೇಲೆ 2025-26ಕ್ಕೆ ಹಿಂದಕ್ಕೆ ತಂದರು. ತೈಲ ಆಮದು ಕಡಿಮೆ, ಹೊಗೆ ಕಡಿಮೆ, ಕಾರ್ಖಾನೆಗೆ ಬೇಗ ದುಡ್ಡು, ರೈತನಿಗೆ ಬೇಗ ಬಿಲ್ಲು. ಈ ವಾದದಲ್ಲಿ ಹುರುಳಿದೆ. ಸಕ್ಕರೆ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂರುತ್ತದೆ, ಎಥೆನಾಲ್ ತೈಲ ಕಂಪನಿಗೆ ಹೋಗಿ ಹಣವಾಗಿ ಬರುತ್ತದೆ. 2024-25ರಲ್ಲಿ ಲೀಟರ್‌ಗೆ ಸಕ್ಕರೆ ಪೂರ್ತಿ ತೆಗೆದ ಸಿ-ಕಾಕಂಬಿಯದಕ್ಕೆ ₹57.97, ಇನ್ನಷ್ಟು ಸಕ್ಕರೆ ಉಳಿದ ಬಿ-ಕಾಕಂಬಿಯದಕ್ಕೆ ₹60.73, ನೇರ ಕಬ್ಬಿನ ಹಾಲಿನದಕ್ಕೆ ₹65.61 ಇತ್ತು.

ಹೀಗೆ ಹವಾಮಾನದ ಹೆಸರಿನಲ್ಲಿ ಬಂದ ನೀತಿ ಬೆಲೆಯ ರಾಜಕೀಯಕ್ಕೆ ಎದುರಾದರೆ ಯಾವುದು ಗೆಲ್ಲುತ್ತದೆ? 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಸಕ್ಕರೆ ಕಡಿಮೆಯಾಗುವ ಭಯ ಬಂತು, ಲೋಕಸಭಾ ಚುನಾವಣೆ ಎದುರಿಗಿತ್ತು. ಡಿಸೆಂಬರ್ 7ರಂದು ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದಕ್ಕೆ ತಡೆ ಬಿತ್ತು, ಕೆಲವೇ ದಿನಗಳಲ್ಲಿ ಮಿತಿ ಹಾಕಿ ಸಡಿಲಿಸಿದರು, 2024ರ ಆಗಸ್ಟ್‌ನಲ್ಲಿ ಪೂರ್ತಿ ತೆಗೆದರು. ಡಿಸ್ಟಿಲರಿಗೆ ಸಾಲ ಮಾಡಿ ಹಣ ಹಾಕಿದವರಿಗೆ ಇದು ದೊಡ್ಡ ಪಾಠ. ನಾಳೆ ನಿಯಮ ಬದಲಾಗಬಹುದು ಎಂಬ ಅನುಮಾನವೇ ಒಂದು ಖರ್ಚು, ಬಡ್ಡಿ ದರದಲ್ಲಿ ಅದು ಸೇರಿಕೊಳ್ಳುತ್ತದೆ.

ಬದಿಗೆ ಸರಿದುಹೋಗುವ ಇನ್ನೊಂದು ಲೆಕ್ಕ ನೀರಿನದು. ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ತೆಗೆಯಲು ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ಮೋಟಾರು ಇನ್ನೊಂದು ತಾಸು ಓಡಿದರೆ ರೈತನ ಕೈಯಿಂದ ಹೋಗುವುದು ಸೊನ್ನೆ. ತ್ರೀಫೇಸ್ ಯಾವಾಗ ಬರುತ್ತದೋ ಗೊತ್ತಿಲ್ಲವಾದ್ದರಿಂದ ಸ್ವಿಚ್ ಹಾಕಿಯೇ ಇಡುತ್ತಾರೆ, ರಾತ್ರಿಯೆಲ್ಲ ನೀರು ಹರಿಯುತ್ತದೆ. ಕೃಷ್ಣಾ ತೀರದ ಕರಿಮಣ್ಣಿನಲ್ಲಿ ಇದರ ಫಲ ಸವಳು-ಜವಳು: ಬಸಿಯದ ನೀರು ಮೇಲೇರಿ, ಆರಿ, ಉಪ್ಪನ್ನು ಮೇಲ್ಪದರದಲ್ಲಿ ಬಿಟ್ಟುಹೋಗುತ್ತದೆ. ಉಪ್ಪೇರಿದ ಹೊಲದಲ್ಲಿ ಉಳಿದ ಬೆಳೆಗಳು ಸೋತರೆ ರೈತ ಮತ್ತೆ ಸವಳು ತಾಳುವ ಕಬ್ಬಿನ ತಳಿಗೇ ಹೋಗುತ್ತಾನೆ.

ಉಚಿತ ವಿದ್ಯುತ್ತನ್ನು ನೇರ ನಿಲ್ಲಿಸುತ್ತೇವೆ ಎಂದು ಹೇಳಿ ಯಾವ ಪಕ್ಷವೂ ಗೆಲ್ಲಲಾರದು. ಪಂಜಾಬ್ 2018ರಲ್ಲಿ ಬೇರೆ ದಾರಿ ಹಿಡಿಯಿತು. ಪಂಪ್‌ಸೆಟ್‌ಗೆ ಮೀಟರ್ ಕೂರಿಸಿ, ಎಚ್‌ಪಿಗೆ ತಕ್ಕಂತೆ ತಿಂಗಳಿಗೆ ಇಷ್ಟು ಯೂನಿಟ್ ಎಂದು ಗೊತ್ತುಮಾಡಿ, ಅದಕ್ಕಿಂತ ಕಡಿಮೆ ಬಳಸಿದರೆ ಉಳಿದ ಪ್ರತಿ ಯೂನಿಟ್‌ಗೆ ₹4 ರೈತನ ಖಾತೆಗೆ ಹಾಕುವುದು. ಹೆಚ್ಚು ಬಳಸಿದರೆ ದಂಡವಿಲ್ಲ. ಯಾರ ಕೈಯಿಂದಲೂ ಏನನ್ನೂ ಕಿತ್ತುಕೊಳ್ಳದ್ದರಿಂದ ರಾಜಕೀಯವಾಗಿ ಇದು ನಿಲ್ಲಬಲ್ಲದು. ಕೆಡುವ ಜಾಗವೂ ಇದೆ. ಯೂನಿಟ್ ಮಿತಿಯನ್ನು ಸಡಿಲವಾಗಿಟ್ಟರೆ ಮೊದಲೇ ಕಡಿಮೆ ಬಳಸುವವರು ಮಾತ್ರ ಸೇರಿ ಪುಕ್ಕಟೆ ದುಡ್ಡು ಪಡೆಯುತ್ತಾರೆ. ಉತ್ತರ ಗುಜರಾತಿನಲ್ಲಿ ಇದೇ ಬಗೆಯ ಯೋಜನೆಯನ್ನು ಅಳೆದು ನೋಡಿದಾಗ ವಿದ್ಯುತ್ ಬಳಕೆ ಇಳಿದದ್ದು ಕಾಣಲಿಲ್ಲ. ನೀರು ಮಾರಿ ದುಡ್ಡು ಮಾಡಬಹುದಾದ ಕಡೆ, ಉಳಿಸಿದ್ದಕ್ಕೆ ಕೊಡುವ ದರ ಆ ಮಾರಾಟದ ದರವನ್ನು ಮೀರಿಸಬೇಕು. ನಮ್ಮಲ್ಲಿ ತರುವುದಾದರೆ ಹನಿ ನೀರಾವರಿಯ ಸಹಾಯಧನವನ್ನೂ ಇದಕ್ಕೇ ಜೋಡಿಸಬೇಕು. ಪೈಪು ಹಾಕಿದ ಮಾತ್ರಕ್ಕೆ ನೀರು ಉಳಿಯುವುದಿಲ್ಲ, ಪೈಪಿನ ಜೊತೆ ಎಕರೆಯೂ ಹೆಚ್ಚಬಹುದು.

ಟನ್ ಲೆಕ್ಕದ ಕೂಲಿ

ಅಮೆರಿಕದಲ್ಲಿ ಕಾರಿನ ಗಾಜು ಕೂರಿಸುವ ಸೇಫ್‌ಲೈಟ್ ಕಂಪನಿ 1990ರ ದಶಕದಲ್ಲಿ ತಾಸಿನ ಕೂಲಿ ಬಿಟ್ಟು ಗಾಜಿಗಿಷ್ಟು ಎಂದು ಕೊಡತೊಡಗಿತು. ಒಬ್ಬೊಬ್ಬರ ಕೆಲಸ ಸರಾಸರಿ ಶೇ 44 ಏರಿತು ಎಂದು ಅರ್ಥಶಾಸ್ತ್ರಜ್ಞ ಎಡ್ವರ್ಡ್ ಲೇಜಿಯರ್ ಲೆಕ್ಕ ಹಾಕಿದರು. ಅದರಲ್ಲಿ ಸುಮಾರು ಅರ್ಧ ಇದ್ದವರೇ ಹೆಚ್ಚು ದುಡಿದದ್ದರಿಂದ, ಉಳಿದದ್ದರಲ್ಲಿ ಹೆಚ್ಚಿನದು ಚುರುಕಿನವರು ಬಂದು ಸೇರಿದ್ದರಿಂದ. ಅಲ್ಲೊಂದು ಕಟ್ಟುಪಾಡಿತ್ತು: ಕೂರಿಸಿದ ಗಾಜು ಒಡೆದರೆ ಅದೇ ಕೆಲಸಗಾರ ತನ್ನ ಸಮಯದಲ್ಲಿ ಸರಿಮಾಡಿಕೊಡಬೇಕು. ಗುಣಮಟ್ಟ ಕಾಯ್ದದ್ದು ಆ ಕಟ್ಟುಪಾಡು.

ಕಬ್ಬು ಕಡಿಯುವ ಗ್ಯಾಂಗಿಗೂ ಟನ್ ಲೆಕ್ಕದಲ್ಲೇ ಕೂಲಿ, ಆದರೆ ಇಲ್ಲಿ ಕೆಟ್ಟ ಕೆಲಸವನ್ನು ತಿದ್ದಲಾಗದು. ಹೊಲದಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ಸಕ್ಕರೆ ಹೆಚ್ಚಿರುವುದು ಬುಡದ ಗಣಿಕೆಗಳಲ್ಲಿ. ನೆಲಕ್ಕೆ ಹತ್ತಿ ಕಡಿಯಬೇಕೆಂದರೆ ನಡು ಪೂರ್ತಿ ಬಗ್ಗಬೇಕು. ನಾಲ್ಕೈದು ಇಂಚು ಬಿಟ್ಟು ಕಡಿದರೆ ಕೈ ಬೇಗ ಓಡುತ್ತದೆ, ಆದರೆ ಸಿಹಿಯಾದ ತುಂಡು ಹೊಲದಲ್ಲೇ ಉಳಿಯಿತು. ಮೇಲಿನ ಮೊಳಕೆಗಳಿಂದ ಬಂದ ಕೂಳೆ (ಅದೇ ಬುಡದಿಂದ ಮತ್ತೆ ಚಿಗುರುವ) ಬೆಳೆಗೆ ಬೇರು ಆಳಕ್ಕೆ ಇಳಿಯುವುದಿಲ್ಲ, ಮುಂದಿನ ವರ್ಷ ಬಾಗಿ ಬೀಳುತ್ತದೆ. ತುದಿಯ ಹಸಿರು ಭಾಗದಲ್ಲಿ ಸಕ್ಕರೆ ಇನ್ನೂ ಕೂಡಿರುವುದಿಲ್ಲ. ವಾಡೆಯನ್ನು, ಅಂದರೆ ಆ ತುದಿಯನ್ನು, ಸರಿಯಾದ ಗಣ್ಣಿಗೆ ಕತ್ತರಿಸದೆ ಎರಡು ಗಣಿಕೆ ಹೆಚ್ಚು ಬಿಟ್ಟರೆ ತೂಕ ಬರುತ್ತದೆ, ರಿಕವರಿ ಹೋಗುತ್ತದೆ. ರವದಿ (ಕಬ್ಬಿನ ಒಣ ಎಲೆ) ಸುಲಿಯದೆ ಕಟ್ಟಿದರೂ ಹಾಗೆಯೇ. ಗ್ಯಾಂಗಿನವರ ಮೇಲೆ ಸೋಮಾರಿಗಳೆಂಬ ಅಪವಾದ ಹೊರಿಸುವುದು ತಪ್ಪು. ದುಡ್ಡು ಕೊಡುವುದೇ ತೂಕಕ್ಕಾದರೆ ಬುಡ, ತುದಿ, ರವದಿಯ ಕಡೆ ಯಾರ ಕೈಯೂ ನಿಧಾನವಾಗುವುದಿಲ್ಲ. ಒಬ್ಬನೇ ಹಲವು ಕೆಲಸ ಮಾಡುವಾಗ ಅಳೆಯಲು ಸುಲಭವಾದ ಒಂದಕ್ಕೇ ಸಂಬಳ ಕಟ್ಟಿದರೆ ಉಳಿದವು ಸೊರಗುತ್ತವೆ ಎಂದು ಬೆಂಗ್ಟ್ ಹೋಲ್ಮ್‌ಸ್ಟ್ರಾಮ್ ಮತ್ತು ಪಾಲ್ ಮಿಲ್‌ಗ್ರೋಮ್ 1991ರಲ್ಲಿ ವಿವರಿಸಿದ್ದು ಇದನ್ನೇ.

ರೈತನೂ ಇದೇ ಬಲೆಯಲ್ಲಿದ್ದಾನೆ. ರಿಕವರಿ ಲೆಕ್ಕವಾಗುವುದು ಇಡೀ ಕಾರ್ಖಾನೆಯ ಸರಾಸರಿಯ ಮೇಲೆ. ಒಬ್ಬ ಸಿಹಿ ಹೆಚ್ಚಿರುವ ಸಿಒ 86032 ತಳಿ ಹಾಕಿ ಸರಿಯಾದ ವಯಸ್ಸಿಗೆ ಕಡಿಸಿದರೂ, ಪಕ್ಕದವನು ತೂಕ ಬರುವ ತಳಿ ಹಾಕಿ ಎಳೆಯದನ್ನೇ ಕಳಿಸಿದರೂ ಟನ್ನಿನ ದರ ಒಂದೇ. ಸಾವಿರಾರು ಬೆಳೆಗಾರರ ನಡುವೆ ತನ್ನ ಶ್ರಮದ ಸಿಹಿ ಹಂಚಿಹೋಗುತ್ತದೆ ಎಂದು ತಿಳಿದ ಮೇಲೆ ಎಲ್ಲರೂ ತೂಕದ ಕಡೆ ವಾಲುತ್ತಾರೆ.

ಬೆಂಕಿಯ ಮಾತು ಬೇರೆಯೇ ಹೇಳಬೇಕು. ಸುಟ್ಟ ಕಬ್ಬಿನಲ್ಲಿ ರವದಿ ಸುಲಿಯುವ ಕೆಲಸವಿಲ್ಲ, ಗ್ಯಾಂಗ್ ಬೇಗ ಮುಗಿಸುತ್ತದೆ. ಸುಟ್ಟ ಮೇಲೆ ಕಬ್ಬು ಬೇಗ ಕೆಡುವುದರಿಂದ ಕಾರ್ಖಾನೆ ಅದನ್ನು ಮೊದಲು ನುರಿಸಬೇಕಾಗುತ್ತದೆ. ಹೀಗೆ ಪಾಳಿ ಬಾರದೆ ಕಬ್ಬು ಒಣಗುತ್ತಿರುವ ರೈತನಿಗೆ ಕಡ್ಡಿ ಗೀರುವುದು ಸಾಲು ಹಾರುವ ದಾರಿಯಾಗುತ್ತದೆ. ಕಾರ್ಖಾನೆ ದರ ಮುರಿಯುತ್ತದೆ, ತೂಕ ಇಳಿಯುತ್ತದೆ, ಮಣ್ಣಿಗೆ ಸೇರಬೇಕಾದ ರವದಿ ಹೊಗೆಯಾಗುತ್ತದೆ. ನಾಟಿ ದಿನಾಂಕದ ಪ್ರಕಾರ ಕಟಾವಿನ ಪಾಳಿ ಎಲ್ಲರಿಗೂ ಕಾಣುವಂತೆ ಹಾಕಿ ಅದನ್ನೇ ಪಾಲಿಸಿದರೆ ಸುಡುವ ಆಸೆಯ ಬೇರು ಅರ್ಧ ಕತ್ತರಿಸಿದಂತೆ. ಬರೀ ದಂಡ ಹಾಕುವುದರಿಂದ ಆಗದ ಕೆಲಸ ಇದು. ಕಡಿದ ಕಬ್ಬನ್ನು 24 ತಾಸಿನೊಳಗೆ ನುರಿಸಬೇಕೆಂಬ ಸಲಹೆಗೂ ಪಾಳಿಯೇ ಆಧಾರ.

ಮುಂಗಡದ ಸಮಸ್ಯೆ ಇನ್ನೂ ಆಳ. ಹಂಗಾಮಿಗೆ ಮುಂಚೆ ಟ್ರ್ಯಾಕ್ಟರ್ ಮಾಲೀಕ ಮುಕಾದಮನ (ಗ್ಯಾಂಗಿನ ಮುಖ್ಯಸ್ಥನ) ಮೂಲಕ ಜೋಡಿಗಿಷ್ಟು ಎಂದು ಮುಂಗಡ ಕೊಡುತ್ತಾನೆ, ಗಂಡ-ಹೆಂಡತಿ ಕಡಿದ ಟನ್ನುಗಳು ಆ ಸಾಲಕ್ಕೆ ಜಮೆಯಾಗುತ್ತಾ ಹೋಗುತ್ತವೆ. ಮೈಸೂರಿನ ಡೇಟಾ ಎಂಟ್ರಿ ಕೆಲಸಗಾರರ ಮೇಲೆ ಸುಪ್ರೀತ್ ಕೌರ್, ಮೈಕೆಲ್ ಕ್ರೆಮರ್, ಸೆಂಧಿಲ್ ಮುಲ್ಲೈನಾಥನ್ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಂಬಳದ ದಿನ ಹತ್ತಿರವಾದಷ್ಟೂ ಕೆಲಸ ಏರಿತ್ತು. ಕೈಗೆ ದುಡ್ಡು ಬರುವುದು ಕಣ್ಣೆದುರಿಗಿದ್ದರೆ ದುಡಿಮೆಗೆ ಹುರುಪು. ಮುಂಗಡದಲ್ಲಿ ಇದು ತಲೆಕೆಳಗು: ದುಡ್ಡು ಆಗಲೇ ಖರ್ಚಾಗಿದೆ, ಇವತ್ತಿನ ಟನ್ನು ಹಳೆಯ ಸಾಲವನ್ನಷ್ಟೇ ಇಳಿಸುತ್ತದೆ. ಕೊಟ್ಟವನಿಗೆ ಗ್ಯಾಂಗ್ ಬಾರದೆ ಹೋಗುವ ಭಯ, ಪಡೆದವನಿಗೆ ಲೆಕ್ಕ ತೀರದೆ ಮುಂದಿನ ಹಂಗಾಮಿಗೂ ಕಟ್ಟಿಹಾಕಿಕೊಳ್ಳುವ ಭಯ. ಮುಂಗಡವನ್ನು ಸಣ್ಣದು ಮಾಡಿ, ವಾರಕ್ಕೊಮ್ಮೆ ಕೂಲಿಯ ಒಂದು ಪಾಲನ್ನು ಕಡಿದವರ ಖಾತೆಗೇ ನೇರ ಹಾಕಿ, ಬುಡ-ತುದಿ ಚೊಕ್ಕವಾಗಿ ಕಡಿದ ಹೊಲಕ್ಕೆ ಟನ್ನಿಗಿಷ್ಟು ಹೆಚ್ಚು ಕೊಟ್ಟರೆ ಮೇಲೆ ಹೇಳಿದ ಎರಡೂ ದೋಷಗಳಿಗೆ ಒಟ್ಟಿಗೆ ಮದ್ದಾಗುತ್ತದೆ. ಹೆಂಡತಿಯ ಪಾಲು ಹೆಂಡತಿಯ ಖಾತೆಗೇ ಹೋಗಬೇಕು. ಜೋಡಿ ಎಂಬ ಲೆಕ್ಕದಲ್ಲಿ ಆಕೆಯ ದುಡಿಮೆ ಇಂದಿಗೂ ಗಂಡನ ಹೆಸರಿನಲ್ಲೇ ಬರೆಯಲ್ಪಡುತ್ತಿದೆ.

ಬಿಸಿಲು ಈ ಕೂಲಿಯ ಜೊತೆ ಸೇರಿದಾಗ ಅಪಾಯ. ಭಾರತದ ಕಾರ್ಖಾನೆಗಳ ಅಂಕಿಗಳಿಂದ ಇ. ಸೋಮನಾಥನ್ ಮತ್ತು ಸಂಗಡಿಗರು 2021ರಲ್ಲಿ ತೋರಿಸಿದಂತೆ ಸೆಕೆ ಒಂದು ಡಿಗ್ರಿ ಏರಿದರೆ ವರ್ಷದ ಉತ್ಪಾದನೆ ಸುಮಾರು ಶೇ 2 ಇಳಿಯುತ್ತದೆ. ಒಳಗೆ ತಂಪು ಮಾಡಿದರೆ ಕೆಲಸದ ವೇಗ ಉಳಿಯುತ್ತದೆ, ಗೈರುಹಾಜರಿ ಮಾತ್ರ ನಿಲ್ಲುವುದಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಹಳೆಯ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದಾಗ ಶಾಖ ಕಡಿಮೆಯಾಗಿ ಸೆಕೆಯ ದಿನಗಳಲ್ಲಿ ಹೊಲಿಗೆ ಹೆಚ್ಚಾಯಿತು. ಕಬ್ಬಿನ ಹೊಲಕ್ಕೆ ಚಾವಣಿಯೇ ಇಲ್ಲ. ಮಾರ್ಚ್ ಹೊತ್ತಿಗೆ ವಿಜಯಪುರ, ಬಾಗಲಕೋಟೆಯಲ್ಲಿ ಮಧ್ಯಾಹ್ನ 35 ಡಿಗ್ರಿ ದಾಟಿರುತ್ತದೆ, ಎತ್ತರದ ಕಬ್ಬಿನ ಸಾಲಿನೊಳಗೆ ಗಾಳಿಯೂ ಆಡುವುದಿಲ್ಲ. ಟನ್ ಲೆಕ್ಕದ ಕೂಲಿಯಲ್ಲಿ ನೆರಳಿಗೆ ಕೂತ ಪ್ರತಿ ನಿಮಿಷವೂ ನಷ್ಟವಾಗಿ ಕಾಣುತ್ತದೆ. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ತುಂಡುಗುತ್ತಿಗೆಯವರಿಗೆ ಕಿಡ್ನಿಗೆ ಪೆಟ್ಟು ಬೀಳುವುದು ಹೆಚ್ಚೆಂದು ಕಂಡಿದೆ. ಎಲ್ ಸಾಲ್ವಡಾರ್‌ನಲ್ಲಿ ಕಬ್ಬು ಕಡಿಯುವವರಿಗೆ ಬೆನ್ನಿಗೆ ನೀರಿನ ಚೀಲ, ಕಟಾವಿನ ಜೊತೆಗೇ ಸರಿಯುವ ನೆರಳಿನ ಡೇರೆ, ಕಡ್ಡಾಯ ವಿರಾಮ, ಕೈಗೆ ಹಗುರಾದ ಕತ್ತಿ ಕೊಟ್ಟು ನೋಡಿದರು. ಒಬ್ಬೊಬ್ಬರು ದಿನಕ್ಕೆ ಕಡಿದದ್ದು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಇಲ್ಲಿ ಇದಕ್ಕೆ ಬೇಕಾದದ್ದು ಒಂದು ತಾಡಪಲ್, ನಾಲ್ಕು ಗಳ, ನೀರಿನ ಡ್ರಮ್ಮು, ಮತ್ತು ವಿರಾಮದ ಹೊತ್ತಿಗೂ ಸೇರಿಸಿ ಕಟ್ಟಿದ ದರ. ಕೊನೆಯದಿಲ್ಲದಿದ್ದರೆ ಡೇರೆ ಖಾಲಿಯಾಗಿ ನಿಂತಿರುತ್ತದೆ.

ಕಾಟಾ ಯಾರದು

ಗುಜರಾತಿನಲ್ಲಿ ಕಾರ್ಖಾನೆಗಳ ಹೊಗೆ ಅಳೆಯುವ ಆಡಿಟರ್‌ಗಳಿಗೆ ಆ ಕಾರ್ಖಾನೆಯೇ ಸಂಬಳ ಕೊಡುತ್ತಿತ್ತು. ವರದಿಗಳೆಲ್ಲ ಮಿತಿಯ ಸ್ವಲ್ಪ ಕೆಳಗೇ ಬಂದು ಕೂರುತ್ತಿದ್ದವು. ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯಾನ್ ತಂಡ ಸರ್ಕಾರದ ಜೊತೆ ಸೇರಿ ಕ್ರಮ ಬದಲಿಸಿತು. ಆಡಿಟರ್ ಯಾರೆಂದು ಚೀಟಿ ಎತ್ತಿ ನಿರ್ಧರಿಸುವುದು, ಸಂಬಳ ಸಾಮಾನ್ಯ ನಿಧಿಯಿಂದ ಕೊಡುವುದು, ಕೆಲವು ಅಳತೆಗಳನ್ನು ಹೇಳದೆ ಕೇಳದೆ ಮತ್ತೆ ಪರೀಕ್ಷಿಸುವುದು, ಸರಿಯಾಗಿ ಬರೆದವನಿಗೆ ಹೆಚ್ಚುವರಿ ಕೊಡುವುದು. ವರದಿ ನಿಜವಾಯಿತು, ಅದರ ಹಿಂದೆಯೇ ಹೊಗೆಯೂ ಇಳಿಯಿತು.

ಕಬ್ಬಿನ ಕಾಟಾ ಇರುವುದು ಕಾರ್ಖಾನೆಯ ಅಂಗಳದಲ್ಲಿ, ರಿಕವರಿ ನೋಡುವ ಪ್ರಯೋಗಾಲಯವೂ ಅದರದೇ. ಎರಡು ಟ್ರೇಲರ್‌ನ 20 ಟನ್ ಲೋಡಿನಲ್ಲಿ ಶೇ 2 ತಪ್ಪಿದರೆ 400 ಕೆ.ಜಿ., ₹3,300ರಂತೆ ₹1,320. ರಿಕವರಿ ಅರ್ಧ ಅಂಶ ಕಡಿಮೆ ಬರೆದರೆ ಟನ್‌ಗೆ ₹173. ಕಾರ್ಖಾನೆಯ ಹೊರಗೆ ಸರ್ಕಾರಿ ಕಾಟಾ ಬೇಕೆಂಬ ರೈತರ ಬೇಡಿಕೆ ಗುಜರಾತಿನ ಪ್ರಯೋಗದ ಮೊದಲ ಮೆಟ್ಟಿಲು. ಕಾಟಾದವನ ಸಂಬಳ ಎಲ್ಲ ಕಾರ್ಖಾನೆಗಳ ವಂತಿಗೆಯಿಂದ ಆದ ನಿಧಿಯಿಂದ ಬರಬೇಕು, ಆತನ ಪಾಳಿ ಆಗಾಗ ಬದಲಾಗಬೇಕು, ತೂಗಿದ ಗಾಡಿಯನ್ನು ದಾರಿಯಲ್ಲಿ ನಿಲ್ಲಿಸಿ ಮತ್ತೆ ತೂಗುವ ವ್ಯವಸ್ಥೆ ಇರಬೇಕು. ಯಂತ್ರ ಕೂರಿಸಿ ಸುಮ್ಮನಾದರೆ ಸಾಲದು. ಕರ್ನಾಟಕದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬೆರಳಚ್ಚಿನ ಹಾಜರಿ ತಂದಾಗ ನರ್ಸು, ಲ್ಯಾಬ್ ಸಿಬ್ಬಂದಿಯ ಹಾಜರಿ ಸುಧಾರಿಸಿತು, ವೈದ್ಯರದು ಬದಲಾಗಲಿಲ್ಲ. ಗೈರಾದವರ ಮೇಲೆ ಆ ದಾಖಲೆ ಹಿಡಿದು ಕ್ರಮ ಕೈಗೊಳ್ಳಲು ಇಲಾಖೆ ಹಿಂಜರಿಯಿತು. ಬಿಟ್ಟು ಹೋದರೆ ಬೇರೆ ವೈದ್ಯರು ಸಿಗುವುದು ಕಷ್ಟ.

ಈಗಿರುವ ಕಾನೂನಿನಲ್ಲೇ ಬಳಸದೆ ಉಳಿದ ಒಂದು ಅಸ್ತ್ರವಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಪಾವತಿಯಾಗಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. 100 ಟನ್ ಕಳಿಸಿದ ರೈತನಿಗೆ ₹3,096ರಂತೆ ₹3,09,600 ಬರಬೇಕು. ಹಣ 60ನೇ ದಿನ ಬಂತೆಂದರೆ 46 ದಿನದ ಬಡ್ಡಿ ಸುಮಾರು ₹5,853. ಕೊಡದಿದ್ದರೆ ಭೂಕಂದಾಯ ಬಾಕಿಯಂತೆ ವಸೂಲಿ ಮಾಡಲು ಅವಕಾಶವಿದೆ. ಆದರೆ ಕೇಳುವವರು ಲೆಕ್ಕ ಇಡಬೇಕು: ಪ್ರತಿ ಲೋಡಿನ ತೂಕದ ಚೀಟಿ, ಅದರ ಮೇಲಿನ ದಿನಾಂಕ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಹಣ ಬಿದ್ದ ದಿನಾಂಕ. ಒಬ್ಬರೇ ಕೇಳಿದರೆ ಮುಂದಿನ ಹಂಗಾಮಿಗೆ ಪಾಳಿ ತಡವಾಗುವ ಅಂಜಿಕೆ ಇರುತ್ತದೆ, ಅದಕ್ಕೇ ಊರಿನ ಚೀಟಿಗಳನ್ನೆಲ್ಲ ಒಟ್ಟುಮಾಡಿ ಒಂದೇ ಅರ್ಜಿಯಲ್ಲಿ ಜಿಲ್ಲಾಧಿಕಾರಿಗಳಿಗೂ ಸಕ್ಕರೆ ಆಯುಕ್ತರಿಗೂ ಕೊಡಬೇಕು.